ಕೆರೆ ಕೆಳಗಿನ ಹೊಸ ಬೆಳೆ

ಹೊಳಲಕೋಟೆಯ ದೊರೆ ವೀರಭೂಪನಿಗೆ ತನ್ನ ಊರು ಬೆಳೆದದ್ದನ್ನು ನೋಡುವ ಚಟ. ದಿನಾ ಸಂಜೆ ಕೋಟೆಯ ಮೇಲೆ ಹತ್ತಿ ನಿಲ್ಲುತ್ತಿದ್ದ. ಕೆಳಗೆ, ಭತ್ತದ ಗದ್ದೆಗಳಿದ್ದ ಕಡೆ, ಈಗ ಸಾಲು ಸಾಲು ಮಹಡಿಮನೆ.

“ನೋಡಯ್ಯ ಹಲಗಯ್ಯ, ನಮ್ಮ ಊರು ಹೇಗೆ ಬೆಳೆದಿದೆ,” ಅಂದ.

ಹಲಗಯ್ಯ ಆಸ್ಥಾನದ ವಿದೂಷಕ. “ಹೌದು ಪ್ರಭು. ಗೊಬ್ಬರವನ್ನೂ ಹಾಕಲಿಲ್ಲ,” ಅಂದ.

ಬೆಳೆದದ್ದು ಹೀಗೆ. ದೊರೆ ಬೇಟೆಗೆ ಹೋಗಲೆಂದು ಗದ್ದೆಬಯಲಿನ ನಡುವೆ ಅಗಲವಾದ ರಸ್ತೆ ಹಾಕಿಸಿದ. ಕೋಟೆಯೊಳಗಿನ ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದ್ದ ದೊಡ್ಡವರಿಗೆ ಅಲ್ಲಿ ಗಾಳಿ ಚೆನ್ನಾಗಿದೆ ಅನ್ನಿಸಿತು. ಮೊದಲು ಮಂತ್ರಿ ಲಿಂಗರಸ ಮನೆ ಕಟ್ಟಿದ, ಕೆರೆಯ ಕಾಲುವೆಯ ಮೇಲೆಯೇ. ಮಂತ್ರಿ ಕಟ್ಟಿದ ಮೇಲೆ ಅವನ ಬೀಗರು ಬಿಡುತ್ತಾರೆಯೇ? ಕಾಲುವೆ ಮುಚ್ಚಿತು. ಕೆಳಗಿನ ಗದ್ದೆಗಳು ಒಣಗಿದವು. ಒಣಗಿದ ಗದ್ದೆ ಇಟ್ಟುಕೊಂಡು ಮಾಡುವುದೇನು ಅಂತ ರೈತರು ಮಾರಿದರು. ಅಲ್ಲೂ ಮನೆ ಎದ್ದಿತು. ಭತ್ತ ಬೆಳೆಯುತ್ತಿದ್ದ ಊರಿಗೆ ಹೊಳೆಯಾಚೆಯ ಸೀಮೆಯಿಂದ ಅಕ್ಕಿ ಬರತೊಡಗಿತು. ಹೊಸ ಮನೆಗಳವರು ಅದನ್ನು ಉಂಡು, ಅಕ್ಕಿ ದುಬಾರಿಯಾಯಿತು, ರೈತರು ಸೋಮಾರಿಗಳಾದರು ಅಂತ ಬಯ್ದರು.

ಉಳಿದದ್ದು ಹೊನ್ನಾಜಮ್ಮನ ಒಂದೇ ಗದ್ದೆ. ಅವಳು ಮಾರಲಿಲ್ಲ. ಲಿಂಗರಸ ಅದಕ್ಕೂ ಒಂದು ಅಪ್ಪಣೆ ಹೊರಡಿಸಿದ: ಕೆರೆ ಕೆಳಗೆ ಬೆಳೆ ಇಲ್ಲದ ನೆಲವೆಲ್ಲ ಅರಮನೆಗೆ.

ಮುದುಕಿ ದರ್ಬಾರಿಗೆ ಬಂದಳು.

“ಬುದ್ಧಿ, ನೀರು ಬಿಟ್ಟರೆ ನಾಳೆಯೇ ನಾಟಿ ಹಾಕ್ತೀನಿ. ಕಾಲುವೆ ಮಂತ್ರಿಗಳ ಹಿತ್ತಲ ಗೋಡೆಗೇ ನಿಂತುಹೋಗಿದೆ. ಈ ಗದ್ದೆ ಹೋದರೆ ನಾನು ಗಂಜಿಗೆ ಎಲ್ಲಿ ಹೋಗಲಿ?”

“ಅಪ್ಪಣೆ ಅಂದರೆ ಅಪ್ಪಣೆ,” ಅಂದ ದೊರೆ. “ಬೆಳೆ ಇಲ್ಲ, ನೆಲ ಇಲ್ಲ.”

ಹಲಗಯ್ಯ ಎದ್ದ. “ಅಪ್ಪಣೆ ಎಲ್ಲರಿಗೂ ತಾನೇ ಪ್ರಭು?”

“ಎಲ್ಲರಿಗೂ.”

“ಹಾಗಾದರೆ ಮಂತ್ರಿಗಳ ನೆಲವೂ ಹೋಯಿತು. ಅಲ್ಲಿ ಒಂದು ತೆನೆಯೂ ಇಲ್ಲ.”

ದರ್ಬಾರಿನವರೆಲ್ಲ ಮಂತ್ರಿಯ ಕಡೆ ತಿರುಗಿದರು. ಆದರೆ ಲಿಂಗರಸ ಸುಮ್ಮನೆ ಮಂತ್ರಿಯಾದವನಲ್ಲ.

“ಊರು ಬೆಳೆದಿದೆ ಅಂತ ಪ್ರಭುಗಳೇ ದಿನಾ ಹೇಳುತ್ತಾರೆ. ಬೆಳೆದದ್ದು ನನ್ನ ನೆಲದಲ್ಲಿ. ಬೆಳೆದದ್ದು ಬೆಳೆಯಲ್ಲದೆ ಮತ್ತೇನು?”

ದೊರೆಗೆ ಈ ಮಾತು ಬಹಳ ಹಿಡಿಸಿತು. “ಸೋತೆಯಲ್ಲ ಹಲಗಯ್ಯ.”

ಹಲಗಯ್ಯ ಮಂತ್ರಿಯ ಆ ಮಾತಿಗೇ ಕಾದಿದ್ದ. ಮುಖ ಮಾತ್ರ ಸಪ್ಪಗೆ ಮಾಡಿಕೊಂಡ. “ಸೋತೆ ಪ್ರಭು. ಮನೆಯೂ ಬೆಳೆಯೇ. ನನ್ನಂಥ ದಡ್ಡರು ಇನ್ನೂ ಇರುತ್ತಾರೆ, ಡಂಗುರ ಸಾರಿಸಿಬಿಡಿ. ಅಜ್ಜಿಯ ಗದ್ದೆಯ ವಿಚಾರ ನಾಳೆಗಿರಲಿ.”

ಡಂಗುರ ಸಾರಿದರು. ಹಲಗಯ್ಯ ನೇರ ಹೋದದ್ದು ನೀರಗಂಟಿಯ ಮನೆಗೆ. ಕೆರೆಯ ತೂಬು ಎತ್ತಿ, ಸರದಿಯಂತೆ ಪ್ರತಿ ಬೆಳೆಗೂ ನೀರು ಹಾಯಿಸುವವನು ಅವನು. ಗದ್ದೆಗಳು ಹೋದ ಮೇಲೆ ಜಗಲಿಯ ಮೇಲೆ ಕೂತು ನೊಣ ಹೊಡೆಯುತ್ತಿದ್ದ.

“ಗುರುವಣ್ಣ, ಡಂಗುರ ಕೇಳಿದೆಯಾ?”

“ಕೇಳಿದೆ ಸ್ವಾಮಿ. ಮನೆಯೂ ಬೆಳೆಯಂತೆ.”

“ಪಾಪ, ಆ ಬೆಳೆಗೆ ಕಟ್ಟಿದಾಗಿನಿಂದ ಒಂದು ತೊಟ್ಟು ನೀರು ಬಿಟ್ಟಿಲ್ಲವಲ್ಲ ನೀನು.”

ನೀರಗಂಟಿ ಅವನ ಮುಖವನ್ನೇ ನೋಡಿದ. ಆಮೇಲೆ ಎದ್ದು ಹಾರೆ ತೆಗೆದುಕೊಂಡ. “ಹಳೇ ಕಾಲುವೆ ಹಿಡಿದರೆ ಮೊದಲ ಸರದಿ ಮಂತ್ರಿಗಳದೇ.”

“ದೊಡ್ಡ ಮನುಷ್ಯರು. ಕಡಿಮೆ ಬಿಡಬೇಡ.”

ಮಾರನೆಯ ದಿನ ಲಿಂಗರಸ ದರ್ಬಾರಿಗೆ ಓಡಿಬಂದ. ಪಂಚೆ ಮೊಣಕಾಲಿನವರೆಗೆ ಒದ್ದೆ.

“ಪ್ರಭು, ನೀರಗಂಟಿ ಹಿತ್ತಲ ಗೋಡೆ ಒಡೆದು ನಡುಮನೆಯಲ್ಲಿ ಕೆರೆ ನೀರು ಹರಿಸಿದ್ದಾನೆ. ಮಂಚ ಬೀದಿಗೆ ಬಂತು.”

“ಬೆಳೆಗೆ ನೀರು ಹಾಯಿಸುವುದು ಅವನ ಕೆಲಸ,” ಅಂದ ಹಲಗಯ್ಯ.

“ಅದು ಬೆಳೆಯಲ್ಲಯ್ಯ, ಮನೆ.”

“ಕೇಳಿಸಿತೇ ಪ್ರಭು? ಬೆಳೆಯಲ್ಲವಂತೆ. ಹಾಗಾದರೆ ನೆಲ ಅರಮನೆಗೆ.”

ಲಿಂಗರಸನ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. “ಬೆಳೆಯೇ,” ಅಂದ ಕೊನೆಗೆ, ಮೆಲ್ಲಗೆ.

“ಹಾಗಾದರೆ ನೀರು ಹರಿಯಲಿ. ನಿಮ್ಮದು ತುಂಬಿದ ಮೇಲೆ ಹೊನ್ನಾಜಮ್ಮನ ಸರದಿ.”

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಗದ್ದೆ ಮುದುಕಿಗೆ ಉಳಿಯಿತು. ಕಾಲುವೆ ಮಂತ್ರಿಯ ನಡುಮನೆಯಲ್ಲಿ ಉಳಿಯಿತು.

“ಭಲೇ ಹಲಗಯ್ಯ,” ಅಂದ ದೊರೆ. “ನಿನಗೂ ಅಲ್ಲೇ ಒಂದು ಮಹಡಿಮನೆ ಕಟ್ಟಿಸಿಕೊಡುತ್ತೇನೆ.”

ಹಲಗಯ್ಯ ಕೈ ಮುಗಿದ.

“ಬೇಡ ಪ್ರಭು. ನನಗೆ ಈಜು ಬರುವುದಿಲ್ಲ.”