ಕುರಿ ಮಲಗಿದ ಜಾಗ

ದನಗಳ ಹೊಟ್ಟೆ ತುಂಬಿತೇ ಎಂದು ಕೇಳಿದ ಮೇಲೆಯೇ ತಾನು ಊಟಕ್ಕೆ ಕೂರುವ ರಾಜನೊಬ್ಬ ಒಂದು ರಾಜ್ಯದಲ್ಲಿದ್ದ. ಊರ ದನಗಳಿಗೆಂದು ಅವನು ದೊಡ್ಡ ಹುಲ್ಲುಗಾವಲು ಬಿಟ್ಟಿದ್ದ. ಅದನ್ನು ಕಾಯುವವನು ದ್ಯಾವಣ್ಣ. ಬೇಸಿಗೆಯಲ್ಲಿ ಕುರಿಮಂದೆ ಬಂದರೆ, ಹುಲ್ಲುಗಾವಲಿನ ಉದ್ದಕ್ಕೂ ಸರದಿಯ ಮೇಲೆ ರಾತ್ರಿ ಅದನ್ನು ತರುಬಿ ಮಲಗಿಸುವುದು ಅವನ ಕೆಲಸ. ಕುರಿ ಮಲಗಿದಲ್ಲಿ ಹಿಕ್ಕೆ ಬೀಳುತ್ತದೆ, ಗಂಜಲ ಇಂಗುತ್ತದೆ, ಮಳೆ ಬಿದ್ದರೆ ಹುಲ್ಲು ಏಳುತ್ತದೆ.

ಆ ವರ್ಷ ದ್ಯಾವಣ್ಣನಿಗೆ ದುರಾಸೆ ಹತ್ತಿತು. ಕುರುಬರಿಗೆ "ರಾಜರ ಅಪ್ಪಣೆ" ಅಂದ. ಇಡೀ ಬೇಸಿಗೆ ಮಂದೆಯನ್ನು ತನ್ನ ಸ್ವಂತ ನೆಲದಲ್ಲೇ ನಿಲ್ಲಿಸಿಕೊಂಡ. ಬೇಲಿಯೇ ಎದ್ದು ಹೊಲ ಮೇಯಿತು ನೋಡಿ!

ಮಳೆ ಬಂತು. ಅವನ ಹುಲ್ಲು ಸೊಂಟದೆತ್ತರ, ಕಪ್ಪೆನ್ನುವಷ್ಟು ಹಸಿರು. ಹುಲ್ಲುಗಾವಲಿನಲ್ಲಿ ಹುಲ್ಲು ಗೇಣುದ್ದ, ಬರೀ ಹಳದಿ.

ನಿಂಬವ್ವ ಎಂಬ ಮುದುಕಿ ಬಂದಳು. ತಾಯಿಯಿಲ್ಲದ ಕೂಸಾಗಿದ್ದ ದ್ಯಾವಣ್ಣನನ್ನು ತನ್ನ ಹಸುವಿನ ಹಾಲು ಕುಡಿಸಿ ಬೆಳೆಸಿದವಳು ಅವಳೇ.

"ಯಪ್ಪಾ ದ್ಯಾವಾ, ಹುಲ್ಲು ಯಾಕೋ ಹಳದಿ?"

"ಮಳಿ ಸಾಲದಾಗೈತಿ ಯವ್ವಾ."

ಎಂಟು ದಿನ ಬಿಟ್ಟು ಮತ್ತೆ ಬಂದಳು. "ಆಕಳು ಬತ್ತೈತಿ. ಹುಲ್ಲು ಯಾಕೋ ಹಳದಿ?"

"ನೆಲಾನ ಕೆಟ್ಟೈತಿ ಯವ್ವಾ."

ಇನ್ನೆಂಟು ದಿನಕ್ಕೆ ಅಳುತ್ತಾ ಬಂದಳು. "ಹಾಲಿಲ್ಲದ ಕರು ಮ್ಯಾಲೆ ಏಳವಲ್ದು. ಹುಲ್ಲು ಯಾಕೋ ಹಳದಿ?"

"ಬೇರಿಗೆ ಹುಳ ಬಿದ್ದೈತಿ."

ಮೂರು ಸಲವೂ ಅವನಿಗೆ ತಲೆ ಎತ್ತಲಾಗಲಿಲ್ಲ. ನಾಚಿಕೆಯಾಗುತ್ತಿತ್ತು. ಆದರೂ ಬಾಯಿ ಸುಳ್ಳನ್ನೇ ಹೇಳುತ್ತಿತ್ತು.

ದೂರು ರಾಜನಿಗೆ ಮುಟ್ಟಿತು. ರಾಜ ಹುಲ್ಲುಗಾವಲಿಗೇ ಬಂದ. ದ್ಯಾವಣ್ಣ ಅದೇ ಮೂರು ಮಾತು ಒಪ್ಪಿಸಿದ: ಮಳೆ, ನೆಲ, ಹುಳ.

"ಇಲ್ಲಿ ನೋಡ್ರಿ ದೊರೀ," ಎಂದು ನಿಂಬವ್ವ ಕರೆದಳು. ಹಳದಿ ಹುಲ್ಲಿನ ನಡುವೆ ಮೊರದಗಲ ಒಂದೇ ಒಂದು ಹಸಿರು ತೇಪೆ. "ಇಲ್ಲಿ ನನ್ನ ಆಕಳು ಗಂಜಲ ಹೊಯ್ದಿತ್ತು. ಮಳಿ ಅದೇ, ನೆಲ ಅದೇ. ಹುಳ ಇದನ್ನಷ್ಟೇ ಬಿಟ್ಟೀತೇನ್ರಿ? ಕುರಿ ಎಲ್ಲಿ ಮಲಗಿದ್ದುವು ಅಂತ ಹುಲ್ಲನ್ನೇ ಕೇಳ್ರಿ."

ರಾಜ ಸುತ್ತ ಕಣ್ಣಾಡಿಸಿದ. ಎಲ್ಲ ಹಳದಿ. ದೂರದಲ್ಲಿ ದ್ಯಾವಣ್ಣನ ನೆಲ ಮಾತ್ರ ಕಡುಹಸಿರು. ಜನರೂ ಅತ್ತಲೇ ನೋಡಿದರು. ದ್ಯಾವಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಕದ್ದೆ ದೊರೀ," ಅಂದ.

"ಆ ಹುಲ್ಲು ಕೊಯ್ದು ಮನೆಮನೆಗೂ ನೀನೇ ಹೊತ್ತು ಹಾಕು," ಎಂದ ರಾಜ.

ಮೊದಲ ಹೊರೆ ನಿಂಬವ್ವನ ಮನೆಗೆ ಹೋಯಿತು. "ಒಣಮೇವಿಗೆ ಬೆರೆಸಿ ಹಾಕೋ, ಬರೀ ಇದನ್ನ ತಿಂದ್ರ ಹೊಟ್ಟಿ ಉಬ್ಬತೈತಿ," ಎಂದಳು ಅವಳು. ದಿನವೂ ಬಂದು ಹಾಗೆಯೇ ಹಾಕಿದ. ಹಸುವಿನ ಕೆಚ್ಚಲು ತುಂಬಿತು. ಕರು ಎದ್ದು ನಿಂತಿತು. ಅದು ಕುಡಿದು ಮಿಕ್ಕ ಹಾಲನ್ನು ಮುದುಕಿ ಲೋಟಕ್ಕೆ ಸುರಿದು ದ್ಯಾವಣ್ಣನ ಮುಂದೆ ಹಿಡಿದಳು.

"ಕುಡಿ ಮಗಾ, ದಣಿದೀ."

ನೂರು ಛಡಿ ಏಟು ತಿಂದಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ಲೋಟ ಹಿಡಿದುಕೊಂಡು ಅತ್ತುಬಿಟ್ಟ.

ಅದಕ್ಕೇ ಮಕ್ಕಳೇ, ಊರಿಗೆ ಸೇರಿದ್ದನ್ನು ಒಬ್ಬನೇ ಬಾಚಿಕೊಳ್ಳಬಾರದು. ಯಾರೂ ನೋಡಲಿಲ್ಲ ಅಂದುಕೊಂಡರೂ ಒಂದು ಮಳೆ ಬಿದ್ದರೆ ಸಾಕು, ಹುಲ್ಲು ಹೇಳಿಬಿಡುತ್ತದೆ.