ಆ ದಿನಕ್ಕೆಂದು ಇಟ್ಟ ಗಾಡಿ

“ಗುರುಗಳೇ, ಕಷ್ಟದಲ್ಲಿರುವವರ ಹತ್ತಿರಕ್ಕೆ ನಾವು ಇದ್ದ ಹಾಗೆಯೇ ಹೋಗಬೇಕೋ, ನಮ್ಮ ಮನಸ್ಸು ಗಟ್ಟಿಯಾದ ಮೇಲೆ ಹೋಗಬೇಕೋ?”

ಹೀಗೆ ಕೇಳಿದವನು ಶಾಂತಮಲ್ಲ. ಮಠಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ತಾಯಿ ಇಲ್ಲದ ಅವನನ್ನು ಸಾಕಿ ಬೆಳೆಸಿದವಳು ಅಕ್ಕ. ಆಕೆ ಹಾಸಿಗೆ ಹಿಡಿದಿದ್ದಾಳೆ, ತಮ್ಮನನ್ನು ನೋಡಬೇಕೆನ್ನುತ್ತಿದ್ದಾಳೆ ಎಂದು ಶ್ರಾವಣದ ಮೊದಲಲ್ಲೇ ಊರಿನಿಂದ ಹೇಳಿಕಳಿಸಿದ್ದರು. ಅವನು ಹೋಗಿರಲಿಲ್ಲ.

“ಈಗ ಹೋದರೆ ಅಕ್ಕನ ಮುಖ ನೋಡಿ ನಾನೇ ಅತ್ತುಬಿಡುತ್ತೇನೆ,” ಎಂದ ಅವನು. “ಅಳುವವನಿಂದ ಅವಳಿಗೆ ಏನು ಪ್ರಯೋಜನ? ಹಿಡಿದ ಅನುಷ್ಠಾನ ಮುಗಿಯಲಿ. ಮನಸ್ಸು ಒಂದು ಕಡೆ ನಿಲ್ಲಲಿ. ಆಮೇಲೆ ಹೋಗಿ ಅವಳ ಪಕ್ಕದಲ್ಲಿ ಕೂರುತ್ತೇನೆ. ಅವಳಿಗಾಗಿಯೇ ನನ್ನನ್ನು ಸಿದ್ಧಮಾಡಿಕೊಳ್ಳುತ್ತಿದ್ದೇನೆ. ಇದು ತಪ್ಪೇ?”

ಗುರುಗಳು ಹಜಾರದ ಕಡೆಗೆ ನೋಡಿದರು. ಅಲ್ಲಿ ಇಬ್ಬರು ಈ ಕಡೆಗೆ ಬೆನ್ನು ಮಾಡಿ ಕೂತಿದ್ದರು. ಯಾರೋ ಭಕ್ತರಿರಬೇಕೆಂದು ಶಾಂತಮಲ್ಲ ಅವರನ್ನು ದಾಟಿ ಒಳಗೆ ಬಂದಿದ್ದ. ಅವರ ಮುಂದೆ ಇಟ್ಟಿದ್ದ ಮಜ್ಜಿಗೆ ಇಟ್ಟ ಹಾಗೆಯೇ ಇತ್ತು.

“ಕೂತುಕೋ,” ಎಂದರು ಗುರುಗಳು. “ಒಂದು ಕತೆ ಹೇಳುತ್ತೇನೆ. ನಿನಗೆ ಹಿಡಿಸುವ ಕತೆಯಲ್ಲ. ಹೇಳಲು ನನಗೂ ಇಷ್ಟವಿಲ್ಲ.”

ಅವರು ಹೇಳಿದ ಕತೆ ಇದು.

ಬೆಟ್ಟದ ಮೇಲೆ ಒಂದು ಊರಿತ್ತು. ಕೆಳಗಿನ ಪೇಟೆಗೆ ರಸ್ತೆ ಇರಲಿಲ್ಲ. ಕಲ್ಲು, ಬೇರು, ಕೊರಕಲು ತುಂಬಿದ ಕಾಲುದಾರಿಯೊಂದೇ ಇತ್ತು. ಆಸ್ಪತ್ರೆ ಇದ್ದದ್ದು ಪೇಟೆಯಲ್ಲಿ. ಕಾಯಿಲೆ ಬಿದ್ದವರನ್ನೂ ಬಸುರಿಯರನ್ನೂ ಡೋಲಿ ಕಟ್ಟಿ ಹೊರಬೇಕಿತ್ತು. ಅದಕ್ಕೆಂದು ಮಾರಿಗುಡಿಯ ಪಕ್ಕದಲ್ಲಿ ಉದ್ದನೆಯ ಹೆಬ್ಬಿದಿರಿನ ಗಳವೊಂದನ್ನು ಇಟ್ಟಿದ್ದರು. ಅದು ಯಾರ ಮನೆಯದೂ ಅಲ್ಲ, ಊರಿನದು. ಗಳಕ್ಕೆ ಕಂಬಳಿ ಕಟ್ಟಿ, ಅದರೊಳಗೆ ಮಲಗಿಸಿ, ಮುಂದೆ ನಾಲ್ವರು ಹಿಂದೆ ನಾಲ್ವರು ಹೆಗಲು ಕೊಟ್ಟರೆ ದಾರಿಯಲ್ಲಿ ಎಲ್ಲಿಯೂ ಇಳಿಸದೆ ಪೇಟೆ ಮುಟ್ಟುತ್ತಿದ್ದರು. ಮನೆಗೊಂದು ಹೆಗಲು ಎಂಬುದು ಅಲ್ಲಿನ ಕಟ್ಟಳೆ. ಜಗಳವಾಡಿ ಮಾತು ಬಿಟ್ಟವನೂ ಗಳ ಎತ್ತುವ ಹೊತ್ತಿಗೆ ಬಂದು ನಿಲ್ಲಬೇಕಿತ್ತು.

ಆ ಊರಿನಲ್ಲಿ ಒಬ್ಬ ಅಂಗಡಿಯವನಿದ್ದ. ಅವನ ಹೆಂಡತಿಗೆ ಚೊಚ್ಚಲ ಹೆರಿಗೆ ಕಷ್ಟವಾಯಿತು. ಡೋಲಿಯಲ್ಲಿ ಹೊತ್ತರು. ಹೆಂಡತಿ ಉಳಿದಳು, ಮಗು ಉಳಿಯಲಿಲ್ಲ. ಇನ್ನೊಂದು ಸ್ವಲ್ಪ ಮುಂಚೆ ಬಂದಿದ್ದರೆ ಆಗುತ್ತಿತ್ತು ಎಂದು ಆಸ್ಪತ್ರೆಯಲ್ಲಿ ಯಾರೋ ಅಂದರು. ಅಂದವರು ಆ ಮಾತನ್ನು ಅಲ್ಲೇ ಮರೆತರು. ಅಂಗಡಿಯವನು ಮರೆಯಲಿಲ್ಲ.

ಸಾಮಾನ್ಯ ಬೈಕು ಆ ದಾರಿ ಹತ್ತುವುದಿಲ್ಲ. ಆದರೆ ಡರ್ಟ್ ಬೈಕ್ ಎಂದು ಒಂದು ಜಾತಿಯದಿದೆ. ಮಣ್ಣಿನಲ್ಲಿ, ಕಲ್ಲಿನಲ್ಲಿ ಪಂದ್ಯ ಓಡಿಸಲೆಂದೇ ಮಾಡಿದ್ದು. ಎತ್ತರದ ಸೀಟು, ಹಲ್ಲು ಹಲ್ಲಾದ ಟೈರು. ಅಂಥದ್ದೊಂದು ಮನೆಯಲ್ಲಿದ್ದರೆ ಮುಂದಿನ ಸಲ ಮೊದಲ ನೋವಿಗೇ ಹೆಂಡತಿಯನ್ನು ಪೇಟೆಗೆ ಇಳಿಸಬಹುದು ಎಂದು ಅವನು ಎಣಿಸಿದ. ಬಸುರಿಯನ್ನು ಅದರ ಮೇಲೆ ಕೂರಿಸುವುದೇ ಹುಚ್ಚು ಎಂದು ನೀನು ಅನ್ನಬಹುದು. ಒಂದು ಮಗುವನ್ನು ಮಣ್ಣು ಮಾಡಿ ಬಂದವನಿಗೆ ಹಾಗೆ ಹೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ.

ಹೊಸದನ್ನು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಪಂದ್ಯದಲ್ಲಿ ಓಡಿಸುತ್ತಿದ್ದ ಒಬ್ಬ ಸವಾರ ತನ್ನ ಹಳೆಯ ಗಾಡಿಯನ್ನು ಮಾರುತ್ತಾನೆಂದು ಕೇಳಿ ಹೋದ. ಅವನು ದಡ್ಡನಲ್ಲ, ವ್ಯಾಪಾರ ಗೊತ್ತಿದ್ದವನು. ಮೊದಲು ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿದ. ತಣ್ಣಗಿತ್ತು. ಗಿರಾಕಿ ಬರುವ ಮುಂಚೆ ಬಿಸಿ ಮಾಡಿಟ್ಟು ರೋಗ ಮುಚ್ಚುವ ಆಟ ಅಲ್ಲಿರಲಿಲ್ಲ. ಎಣ್ಣೆಯ ಬಣ್ಣ ನೋಡಿದ, ಚಕ್ರ ಅಲ್ಲಾಡಿಸಿದ, ಬಗ್ಗಿ ಚಾಸಿಯ ಚೌಕಟ್ಟಿನಲ್ಲಿ ಬಿರುಕಿದೆಯೇ ಎಂದು ಬೆರಳಾಡಿಸಿದ. ಎಲ್ಲ ನೆಟ್ಟಗಿತ್ತು. ಕೊಳ್ಳುವುದರಲ್ಲಿ ಅವನು ಮೋಸ ಹೋಗಲಿಲ್ಲ. ಅದನ್ನು ನೆನಪಿಟ್ಟುಕೋ.

ಕೀಲಿಯನ್ನು ಕೈಗೆ ಕೊಡುವಾಗ ಸವಾರ ಹೇಳಿದ: “ಅಣ್ಣಾ, ಒಂದೇ ಮಾತು. ಇದನ್ನ ನಿಲ್ಲಿಸಿ ಮಾತ್ರ ಇಡಬೇಡಿ. ಬಿದ್ರೆ ಬೀಳ್ಲಿ, ಕೆಸರಾದ್ರೆ ಆಗ್ಲಿ, ಓಡಿಸ್ತಾನೇ ಇರಿ. ಓಡಿಸಿ ಬಂದು ಫಿಲ್ಟರ್ ತೊಳೀರಿ, ಚೈನಿಗೆ ಎಣ್ಣೆ ಬಿಡಿ, ಅಷ್ಟು ಸಾಕು. ನಿಂತುಬಿಟ್ರೆ ಪೆಟ್ರೋಲು ಒಳಗೇ ಕೆಟ್ಟು ಕೂತ್ಕೊಳ್ಳುತ್ತೆ.”

ಅಂಗಡಿಯವನು ತಲೆಯಾಡಿಸಿದ. ತಲೆಯಾಡಿಸುವುದು ಸುಲಭ, ನೀನೂ ದಿನಾ ನನ್ನ ಮುಂದೆ ಆಡಿಸುತ್ತೀಯೆ.

ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಹಿಂದೆ ಒಬ್ಬರು ಕೂರುವ ಸೀಟನ್ನೂ ಕಾಲಿಡುವ ಕಂಬಿಯನ್ನೂ ಮಾಡಿಸಿದ. ಬೆಟ್ಟ ಹತ್ತಿದ. ಒಂದು ತಿರುವಿನಲ್ಲಿ ಬಿದ್ದ. ಮೊಣಕೈ ಸುಲಿಯಿತು, ಮುಂದಿನ ಮಡ್‌ಗಾರ್ಡಿನ ಮೇಲೆ ಒಂದು ಗೀರು ಬಿತ್ತು. ಮೊಣಕೈ ಮಾಯಿತು. ಗೀರು ಮಾತ್ರ ಅವನ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಇನ್ನೊಮ್ಮೆ ಬಿದ್ದು ದೊಡ್ಡದೇನಾದರೂ ಮುರಿದರೆ ಹೆರಿಗೆಯ ಆ ದಿನಕ್ಕೆ ಗತಿ ಏನು ಎಂದು ಯೋಚಿಸಿದ. ಟ್ಯಾಂಕು ತುಂಬಿಸಿ ಗಾಡಿಯನ್ನು ಮನೆಯ ಪಕ್ಕದಲ್ಲಿ ನಿಲ್ಲಿಸಿದ. ಓಡಿಸಿದರೆ ಪೆಟ್ರೋಲು ಮುಗಿಯುತ್ತದೆ, ಪೆಟ್ರೋಲು ಪೇಟೆಯಿಂದ ಬರಬೇಕು, ಆ ದಿನ ಟ್ಯಾಂಕು ತುಂಬಿರಬೇಕು. ಲೆಕ್ಕ ಸರಿಯಾಗಿಯೇ ಇತ್ತು.

ನಿಲ್ಲಿಸಿದ ಮೇಲೆ ಮಳೆ ಬಿಸಿಲಿಗೆ ನೆರಳು ಬೇಡವೇ? ಒಂದು ಸೂರು ಹಾಕಲು ಹೊರಟ. ಕಂಬಕ್ಕೆ ಗಟ್ಟಿ ಮರ ಸಿಗಲಿಲ್ಲ. ಮಾರಿಗುಡಿಯ ಪಕ್ಕದ ಗಳ ಕಣ್ಣಿಗೆ ಬಿತ್ತು. ಗಾಡಿ ಬಂದ ಮೇಲೆ ಡೋಲಿ ಯಾರಿಗೆ ಬೇಕು ಎಂದು ಊರಿನವರನ್ನು ಕೇಳಿದ. ಅವರಿಗೂ ಹೆಗಲು ನೋವು ಸಾಕಾಗಿತ್ತು. ಕೊಯ್ದುಕೋ ಎಂದರು. ಅವನ ಹೆಂಡತಿಯೊಬ್ಬಳೇ ಬೇಡ ಎಂದಳು. ಹೆಂಗಸಿಗೆ ಏನು ತಿಳಿಯುತ್ತದೆ ಎಂದು ಎಲ್ಲರೂ ನಕ್ಕರು. ಗಳ ಎರಡು ತುಂಡಾಗಿ ಸೂರಿನ ಕಂಬವಾಯಿತು.

ಅಂದಿನಿಂದ ಆ ಗಾಡಿಗೆ ನಡೆದ ಸೇವೆಯನ್ನು ದೇವರಿಗೂ ನಾವು ಮಾಡುವುದಿಲ್ಲ. ಪ್ರತಿ ಶುಕ್ರವಾರ ತೊಳೆದು, ಒರೆಸಿ, ವಿಭೂತಿ ಹಚ್ಚಿ, ಹ್ಯಾಂಡಲಿಗೆ ನಿಂಬೆಹಣ್ಣು ಕಟ್ಟುತ್ತಿದ್ದ. ಮೇಲೆ ಟಾರ್ಪಾಲು ಹೊದಿಸುತ್ತಿದ್ದ. ಚೈನು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಹೆಂಡತಿ ಮತ್ತೆ ಬಸುರಿಯಾದಾಗ ಅವನ ಸೇವೆ ಇನ್ನೂ ಹೆಚ್ಚಿತು.

ಒಂದು ದಿನ ಅವಳು ತವರಿಗೆ ಹೋಗಿಬರುವ ಆಸೆಯಿಂದ ಕೇಳಿದಳು: “ಗಾಡೀಲಿ ಒಂದ್ಸಲ ಇಳಿಸಿ ಬನ್ನಿ. ಹೊಟ್ಟೆ ಇನ್ನೂ ದಪ್ಪ ಆಗಿಲ್ಲ.”

“ಅದನ್ನ ಇಟ್ಟಿರೋದೇ ನಿನಗೋಸ್ಕರ ಕಣೆ,” ಎಂದ ಅವನು.

“ನನಗೋಸ್ಕರ ಇಟ್ಟಿರೋದ್ರ ಮೇಲೆ ನಾನು ಒಂದ್ಸಲಾನೂ ಕೂತಿಲ್ವಲ್ಲ!” ಎಂದು ಅವಳು ನಕ್ಕಳು. ನಡೆದುಕೊಂಡೇ ತವರಿಗೆ ಹೋಗಿಬಂದಳು.

ಮತ್ತೊಂದು ದಿನ ಪಕ್ಕದ ಮನೆಯವನು ಓಡಿ ಬಂದ. “ಅಣ್ಣೋ, ಅವ್ವಂಗೆ ಉಸಿರು ಕಟ್ತಾ ಅದೆ. ಗಾಡಿ ತೆಗಿ. ಪೇಟೆಗೆ ಬಿಟ್ಟು ಬಂದ್ಬುಡುವ.”

ಅಂಗಡಿಯವನು ಟಾರ್ಪಾಲಿನ ಮೇಲೆ ಕೈ ಇಟ್ಟುಕೊಂಡು ನಿಂತ. ಹೆಂಡತಿಗೆ ತಿಂಗಳು ತುಂಬುತ್ತಾ ಬಂದಿದೆ, ದಾರಿಯಲ್ಲಿ ಗಾಡಿಗೆ ಏನಾದರೂ ಆದರೆ ಮತ್ತೆ ರಿಪೇರಿಗೆ ಹೊತ್ತು ಹಿಡಿಯುತ್ತದೆ ಎಂದ. ಪಕ್ಕದ ಮನೆಯವನು ಗುಡಿಯ ಕಡೆಗೆ ನೋಡಿದ. ಅಲ್ಲಿ ಗಳ ಇರಲಿಲ್ಲ. ಅವನು ತಾಯಿಯನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದ. ಮುದುಕಿ ಹೇಗೋ ಬದುಕಿ ಬಂದಳು. ಆಮೇಲೆ ಅವನು ಅಂಗಡಿಗೆ ಬರಲಿಲ್ಲ, ಎದುರಿಗೆ ಸಿಕ್ಕರೂ ಮಾತಾಡಲಿಲ್ಲ.

ಅಂಗಡಿಯವನು ಕೆಟ್ಟವನೆಂದು ತಿಳಿಯಬೇಡ. ಕೆಟ್ಟವನಾಗಿದ್ದರೆ ಈ ಕತೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವನಿಗೆ ಹೆಂಡತಿಯ ಮೇಲೆ ಪ್ರಾಣ.

ಎಣಿಸಿದ್ದಕ್ಕಿಂತ ಮೊದಲೇ ನೋವು ಬಂತು. ಬೆಳಗಿನ ಹೊತ್ತು. ಅವಳು ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯ ಮೇಲೆ ಕೂತಳು. ನೆರೆದ ಹೆಂಗಸರು, ಗಾಡಿ ಇದೆಯಲ್ಲ, ಹೆದರಬೇಡ ಎಂದರು. ಅವನು ಟಾರ್ಪಾಲು ತೆಗೆದ. ತೆಗೆದು, ಅಭ್ಯಾಸಬಲದಿಂದ ಅದನ್ನು ನೀಟಾಗಿ ಮಡಿಸಿ ಪಕ್ಕಕ್ಕಿಟ್ಟ. ಆಮೇಲೆ ಕಿಕ್ಕರ್ ಒದ್ದ.

ಗಾಡಿ ಹೊತ್ತಿಕೊಳ್ಳಲಿಲ್ಲ.

ಇನ್ನೊಮ್ಮೆ ಒದ್ದ. ಮತ್ತೆ ಮತ್ತೆ ಒದ್ದ. ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲು ಹಳೆಯ ಬಣ್ಣದ ಡಬ್ಬಿಯ ಹಾಗೆ ನಾತ ಹೊಡೆಯಿತು. ಒಳಗೆ, ಎಂಜಿನ್ನಿಗೆ ಪೆಟ್ರೋಲು ಬಿಡುವ ಕಾರ್ಬುರೇಟರಿನ ಸಣ್ಣ ತೂತುಗಳಲ್ಲಿ ಅದು ಅಂಟು ಕಟ್ಟಿತ್ತು. ಹೊರಗಿನಿಂದ ಎಷ್ಟು ಒರೆಸಿದರೂ ಅಲ್ಲಿಗೆ ಬಟ್ಟೆ ಹೋಗುವುದಿಲ್ಲ. ಅವನ ಕಣಕಾಲು ಸುಲಿದು ರಕ್ತ ಬಂತು. ಮಾರಮ್ಮನನ್ನು ಕೂಗಿದ, ಗಾಡಿಯನ್ನು ಬೈದ, ಮತ್ತೆ ಗಾಡಿಗೇ ಕೈ ಮುಗಿದ. ಹೆಂಡತಿ ನೋಡುತ್ತಲೇ ಇದ್ದಳು. ಕೊನೆಗೆ, ಸಾಕು ಬಿಡಿ ಎಂದಳು.

ಮೊದಲು ಬಂದು ಸೂರಿನ ಕಂಬಕ್ಕೆ ಕೈ ಹಾಕಿದವನು ಪಕ್ಕದ ಮನೆಯವನು. ಉಳಿದವರೂ ಬಂದರು. ಕಂಬ ಕಿತ್ತರು. ಸೂರು ಗಾಡಿಯ ಮೇಲೆ ಕುಸಿಯಿತು. ಕಂಬಕ್ಕೆ ಕಂಬಳಿ ಕಟ್ಟಿ ಅವಳನ್ನು ಮಲಗಿಸಿದರು. ಊರಿನ ಗಂಡಸರೆಲ್ಲ ಅಲ್ಲಿದ್ದರು. ಆದರೆ ಮೋಟಾದ ಆ ತುಂಡಿಗೆ ಮುಂದೆ ಒಬ್ಬನ, ಹಿಂದೆ ಒಬ್ಬನ ಹೆಗಲಿಗೆ ಮಾತ್ರ ಜಾಗವಿತ್ತು. ಉಳಿದವರು ಬರಿಗೈಯಲ್ಲಿ ಜೊತೆಗೆ ನಡೆದರು. ಹೊತ್ತವರಿಗೆ ಏದುಸಿರು ಬಂದಾಗಲೆಲ್ಲ ಡೋಲಿ ಇಳಿಸಬೇಕು, ಹೆಗಲು ಬದಲಿಸಬೇಕು, ಮತ್ತೆ ಎತ್ತಬೇಕು. ಇಳಿಸಿದಾಗಲೆಲ್ಲ ಅವಳು ನರಳುತ್ತಿದ್ದಳು.

ಪೇಟೆಯ ಮನೆಗಳು ಕಾಣುವ ತಿರುವಿನಲ್ಲಿ ಅವಳು ಗಂಡನನ್ನು ಹತ್ತಿರ ಕರೆದಳು.

“ಸೂರು ಬಿತ್ತಲ್ಲ, ಗಾಡಿಗೆ ಏನಾದ್ರೂ ಆಯ್ತಾ?” ಎಂದಳು.

ಅವನು ಕಂಬಳಿಯ ಅಂಚು ಹಿಡಿದು ಜೊತೆಗೆ ನಡೆದ. ಅವಳು ಮತ್ತೆ ಕೇಳಲಿಲ್ಲ. ಮುಂದಿನ ಸಲ ಡೋಲಿ ಇಳಿಸಿದಾಗ ಅವಸರ ಮಾಡುವ ಕಾರಣ ಉಳಿದಿರಲಿಲ್ಲ. ತಾಯಿಯೂ ಹೋಗಿದ್ದಳು, ಹೊಟ್ಟೆಯಲ್ಲಿದ್ದ ಮಗುವೂ ಹೋಗಿತ್ತು.

ಸುದ್ದಿ ತಿಳಿದು ಗಾಡಿ ಮಾರಿದ ಸವಾರ ಬೆಟ್ಟ ಹತ್ತಿ ಬಂದ. ಕೈಗೆ ಒಂದು ಕೆಲಸ ಬೇಕಾಗಿತ್ತೋ ಏನೋ, ಬಿದ್ದ ಸೂರಿನ ಕೆಳಗಿಂದ ಗಾಡಿ ಎಳೆದ. ಹಳೆಯ ಪೆಟ್ರೋಲು ಚೆಲ್ಲಿದ. ಕಾರ್ಬುರೇಟರ್ ಬಿಚ್ಚಿ, ತೆಳ್ಳನೆಯ ತಂತಿಯೊಂದನ್ನು ತೂರಿಸಿ ಅಂಟು ತೆಗೆದ. ತನ್ನ ಗಾಡಿಯಿಂದ ಒಂದಿಷ್ಟು ಹೊಸ ಪೆಟ್ರೋಲು ಹುಯ್ದು ಒಂದೇ ಸಲ ಒದ್ದ.

ಗಾಡಿ ಹೊತ್ತಿಕೊಂಡಿತು. ಊರಿಗೆಲ್ಲ ಕೇಳುವಂತೆ ಗುಡುಗಿತು. ಎಂಜಿನ್ನಿಗೆ ಏನೂ ಆಗಿರಲಿಲ್ಲ, ಎಂದೂ ಏನೂ ಆಗಿರಲಿಲ್ಲ. ಮನೆಯೊಳಗಿದ್ದ ಅಂಗಡಿಯವನು ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಓಡಿಬಂದ. ನಿಲ್ಲಿಸಪ್ಪಾ, ನಿನ್ನ ಕಾಲು ಹಿಡಿಯುತ್ತೇನೆ, ನಿಲ್ಲಿಸು ಎಂದು ನೆಲಕ್ಕೆ ಬಿದ್ದು ಹೊರಳಾಡಿದ.

ಕತೆ ಅಲ್ಲಿಗೆ ಮುಗಿಯಿತು. ಗುರುಗಳು ಶಲ್ಯದಿಂದ ಮುಖ ಒರೆಸಿಕೊಂಡರು. ಶಾಂತಮಲ್ಲ ತಲೆ ತಗ್ಗಿಸಿ ಕೂತಿದ್ದ. ಅಕ್ಕ ತನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಊರೆಲ್ಲ ತಿರುಗಿದ್ದು ಅವನಿಗೆ ನೆನಪಾಯಿತು. ಅವಳು ಆಗ ತಾನೂ ಚಿಕ್ಕವಳೇ ಆಗಿದ್ದಳು. ಎತ್ತಿಕೊಳ್ಳಲು ಶಕ್ತಿ ಬರಲಿ ಎಂದು ಅವಳು ಕಾದಿರಲಿಲ್ಲ.

ಅವನು ಎದ್ದು ಗುರುಗಳ ಪಾದ ಮುಟ್ಟಿದ.

“ತಿಳಿಯಿತು ಗುರುಗಳೇ. ಅತ್ತರೆ ಅಳುತ್ತೇನೆ. ಅನುಷ್ಠಾನ ಅರ್ಧಕ್ಕೇ ನಿಲ್ಲಲಿ. ಇವತ್ತೇ, ಈಗಲೇ ಅಕ್ಕನ ಹತ್ತಿರ ಹೊರಡುತ್ತೇನೆ. ಅಪ್ಪಣೆ ಕೊಡಿ.”

ಗುರುಗಳು ಅವನ ತಲೆಯ ಮೇಲೆ ಕೈ ಇಟ್ಟರು.

“ಹೊರಡು ಮಗು; ಹಜಾರದಲ್ಲಿ ಕೂತಿರುವವರು ನಿನ್ನ ಅಕ್ಕನ ಊರಿನವರು, ಅವಳ ಮಣ್ಣಿಗೆ ನಿನ್ನ ಹೆಗಲಿಗಾಗಿ ಕಾಯುತ್ತಿದ್ದಾರೆ.”