ಟಿಟ್ಟಿಭದ ದಿಗಿಲು

ಕೆರೆಯಂಗಳದ ಬಯಲಿನಲ್ಲಿ ಒಂದು ಟಿಟ್ಟಿಭ ಹಕ್ಕಿ ನೆಲದ ಮೇಲೆಯೇ ಮೊಟ್ಟೆಗಳನ್ನಿಟ್ಟು ಕಾವು ಕೊಡುತ್ತಿತ್ತು. ನೆರಳು ಅಲುಗಿದರೂ ಅದಕ್ಕೆ ದಿಗಿಲು. ದಿಗಿಲಾದಾಗಲೆಲ್ಲ ಬಯಲಿಗೆ ಬಯಲೇ ಬೆಚ್ಚುವಂತೆ ಕಿರುಚುತ್ತಿತ್ತು. ಪಕ್ಕದ ಪೊದೆಯಲ್ಲಿದ್ದ ಮೊಲಕ್ಕೆ ಹಗಲು ಕಣ್ಣು ಮುಚ್ಚಲಾಗದೆ ಸಾಕುಸಾಕಾಯಿತು. ಅದು ಹೋಗಿ ದುಂಬಿಯನ್ನು ಕರೆತಂದಿತು.

“ನನ್ನ ಗುಂಯ್ ಎಂಬ ದನಿ ಕಿವಿಗೆ ಬಿದ್ದರೆ ಎಂಥ ಮನಸ್ಸೂ ತಿಳಿಯಾಗುತ್ತದೆ. ಕೇಳಿ ನೋಡಿ ಅಕ್ಕಾ,” ಎಂದ ದುಂಬಿ, ಟಿಟ್ಟಿಭದ ತಲೆಯ ಸುತ್ತ ಹಾಡುತ್ತ ಹಾರತೊಡಗಿತು.

ಟಿಟ್ಟಿಭದ ಎದೆಬಡಿತ ನಿಧಾನವಾಯಿತು. ಹುಟ್ಟಿದಂದಿನಿಂದ ಅದಕ್ಕೆ ಇಷ್ಟು ಹಾಯೆನಿಸಿದ್ದೇ ಇಲ್ಲ. ಅಷ್ಟರಲ್ಲಿ ಕೆರೆ ಏರಿಯ ಕಡೆಯಿಂದ ನರಿ ಬಂತು.

“ನರಿಯ ನಡಿಗೆ ಎಷ್ಟು ಚೆಂದ! ನಾನು ಇದುವರೆಗೆ ಗಮನಿಸಿಯೇ ಇರಲಿಲ್ಲ,” ಎಂದಿತು ಟಿಟ್ಟಿಭ.

“ಸ್ವಲ್ಪ ಸರಿದು ಕೂರುತ್ತೀರಾ?” ಎಂದಿತು ನರಿ.

ಟಿಟ್ಟಿಭ ಸರಿದು ಕೂತಿತು. ನರಿ ಒಂದು ಮೊಟ್ಟೆಯನ್ನು ತಿಂದಿತು. ತನ್ನ ದನಿಗೆ ತಾನೇ ಮೈಮರೆತಿದ್ದ ದುಂಬಿ ಆಗಷ್ಟೇ ದಣಿದು ಹುಲ್ಲಿನ ಮೇಲೆ ಇಳಿಯಿತು. ದನಿ ನಿಂತದ್ದೇ ತಡ, ಟಿಟ್ಟಿಭದ ದಿಗಿಲೆಲ್ಲ ಒಮ್ಮೆಲೇ ಮರಳಿತು. ಅದು ಕಿರುಚಿಕೊಂಡು ನರಿಯ ಕಣ್ಣಿಗೇ ಎರಗಿತು. ನರಿ ಓಡಿ ಮೊಲವಿದ್ದ ಪೊದೆಯ ಹಿಂದೆ ಅಡಗಿತು.

ಒಡೆದ ಚಿಪ್ಪನ್ನು ನೋಡಿ ಟಿಟ್ಟಿಭ ಗೋಳಾಡಿತು.

“ಮತ್ತೆ ಹಾಡಲೇ ಅಕ್ಕಾ? ಈ ಸಂಕಟ ಕ್ಷಣದಲ್ಲಿ ಕರಗುತ್ತದೆ,” ಎಂದಿತು ದುಂಬಿ.

“ಬೇಡಪ್ಪ. ಇನ್ನೂ ಮೂರು ಮೊಟ್ಟೆಗಳಿವೆ. ನರಿ ಆ ಪೊದೆಯ ಹಿಂದೆಯೇ ಇದೆ,” ಎಂದು ಟಿಟ್ಟಿಭ ಮತ್ತೆ ಕಿರುಚತೊಡಗಿತು.

ಇದನ್ನು ಕೇಳಿದ ಮೊಲ ಪೊದೆಯಿಂದ ಮೆಲ್ಲನೆ ಹೊರಬಂದು, ಟಿಟ್ಟಿಭದ ಪಕ್ಕದಲ್ಲೇ ಮಲಗಿ ನಿದ್ದೆಹೋಯಿತು.